ಸೊಲ್ಲು ಉಳಿಯಿತು, ಕಥೆ ಎಲ್ಲಿ ಹೋಯಿತು?

ಕಳೆದ ಭಾನುವಾರ ಸಂಜೆ ಅಕ್ಕನ ಮಗನ ಜೊತೆ ಒಂಟಿಕೊಪ್ಪಲಿನಲ್ಲಿ ಸುಮ್ಮನೆ ಒಂದು ಸುತ್ತು ಹಾಕುತ್ತಿದ್ದೆ. ಕುವೆಂಪು ಅವರ ‘ಉದಯರವಿ’ ದಾಟಿದ ಮೇಲೆ ಹುಡುಗ ಮೆಲ್ಲಗೆ ಬಾಯಿಬಿಟ್ಟ. "ಮಾಮ, ಒಂದು ರ‍್ಯಾಪ್ ಬರ್ದಿದೀನಿ."

ನನಗೆ ನಗು ಬಂತು. ಕೇಳಿದ ಮೇಲೆ ನಗು ನಿಂತಿತು. ಬರೆದದ್ದು ಅವನ ತಾತನ ಬಗ್ಗೆ. ಮಿಲ್ಲು ಮುಚ್ಚಿದ ಮೇಲೂ ಎಷ್ಟೋ ದಿನ ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಹೊರಡುತ್ತಿದ್ದ ತಾತ. ಮೂರು ಚರಣ, ನಡುವೆ ಒಂದು ಪಲ್ಲವಿ. ರೆಕಾರ್ಡ್ ಮಾಡಿಕೊಡುವ ಗೆಳೆಯ ಹೇಳಿದನಂತೆ: "ಪಲ್ಲವಿ ಸೂಪರ್ ಮಗಾ. ಚರಣ ಎಲ್ಲಾ ತೆಗ್ದಾಕು. ರೀಲ್ಸ್‌ಗೆ ಮೂವತ್ತು ಸೆಕೆಂಡ್ ಸಾಕು. ಮಧ್ಯೆ ಒಂದು ಪಾರ್ಟಿ ಲೈನ್ ಹಾಕು, ಓಡುತ್ತೆ."

"ಏನ್ಮಾಡ್ಲಿ ಮಾಮ?"

ಆಗ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದು ಯೋಚಿಸುತ್ತಾ ಕೂತೆ. ಈ ಜಗಳ ಹಿಪ್-ಹಾಪ್‌ನಷ್ಟೇ ಹಳೆಯದು. 1973ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಬಡವರ ಮನೆಗಳ ಪಾರ್ಟಿಯಲ್ಲಿ ಹುಟ್ಟಿದ್ದು ಅದು. 1979ರಲ್ಲಿ ಶುಗರ್‌ಹಿಲ್ ಗ್ಯಾಂಗ್‌ನ ‘ರ‍್ಯಾಪರ್ಸ್ ಡಿಲೈಟ್’ ಬಂದು ಪ್ರಪಂಚಕ್ಕೆಲ್ಲ ರ‍್ಯಾಪ್ ಮುಟ್ಟಿಸಿತು. ಅದರ ಕೆಲವು ಸಾಲುಗಳು ಗ್ರ್ಯಾಂಡ್‌ಮಾಸ್ಟರ್ ಕ್ಯಾಝ್ ಎಂಬಾತ ಬರೆದವು. ರೆಕಾರ್ಡಿನ ಮೇಲೆ ಅವನ ಹೆಸರೇ ಇರಲಿಲ್ಲ! ಮಾರಾಟವಾದ ಮೊದಲ ದೊಡ್ಡ ಹಾಡಿನಲ್ಲೇ ಬರೆದವನು ಹೊರಗೆ.

ಹಾಗಂತ ಮಾತಿನ ಕಸುಬು ಜನಕ್ಕೆ ಹಿಡಿಸುವುದಿಲ್ಲ ಅಂತಲ್ಲ. ನಮ್ಮ ಕೈಲಾಸಂ ಅವರ ‘ಕೋಳೀಕೆ ರಂಗ’ನನ್ನೇ ನೋಡಿ. ಕಾನ್‌ಸ್ಟಾಂಟಿನೋಪಲ್ ಅನ್ನುವ ಇಂಗ್ಲಿಷ್ ಹಾಡಿನ ಧಾಟಿಯಲ್ಲಿ, ಒಂದು ಹೆಸರನ್ನು ಅಕ್ಷರ ಅಕ್ಷರ ಬಿಡಿಸಿ ಹೇಳುವುದೇ ಅದರ ಮಜಾ. ಕೈಲಾಸಂ ಹೋಗಿದ್ದು 1946ರಲ್ಲಿ. ಆ ಹಾಡು ಇನ್ನೂ ಹೋಗಿಲ್ಲ :-)

ಇನ್ನು ನಮ್ಮ ಸೀಮೆಯ ಕಂಸಾಳೆ. ಮಲೆ ಮಾದೇಶ್ವರನ ಗುಡ್ಡರು ರಾತ್ರಿಯೆಲ್ಲ ಕಥೆ ಹೇಳುತ್ತಾರೆ. ಮುಂದಾಳು ಕಥೆ ನಡೆಸುತ್ತಾನೆ, ಹಿಮ್ಮೇಳ ಸೊಲ್ಲು ಹಿಡಿಯುತ್ತದೆ. ರ‍್ಯಾಪ್ ಹುಡುಗರು ‘ಹುಕ್’ ಅನ್ನುತ್ತಾರಲ್ಲ, ಹೆಚ್ಚುಕಮ್ಮಿ ಅದೇ ಈ ಸೊಲ್ಲು. ತೂಕಡಿಸುವವನನ್ನು ಎಬ್ಬಿಸಿ ಮತ್ತೆ ಕಥೆಗೆ ಕೂರಿಸುವುದು ಅದರ ಕೆಲಸ. ಆ ಗುಡ್ಡರೂ ಭಿಕ್ಷಕ್ಕೆ ಹೊರಟವರೇ. ಜನರನ್ನು ಒಲಿಸದಿದ್ದರೆ ಜೋಳಿಗೆ ಖಾಲಿ. ಅವರಿಗೂ ಮಾರುಕಟ್ಟೆ ಇತ್ತು ಅನ್ನಿ.

ಅದರಲ್ಲಿ ಸಂಕಮ್ಮನ ಸಾಲು ಕೇಳಿದ್ದೀರಾ? ಗಂಡ ನೀಲೇಗೌಡ ಕಾಡಿಗೆ ಹೊರಡುವಾಗ ಹೆಂಡತಿಯ ಮೇಲೆ ಅನುಮಾನಪಟ್ಟು ಭಾಷೆ ಕೊಡು ಅನ್ನುತ್ತಾನೆ. ಅವಳು ಕೊಡುವುದಿಲ್ಲ. ಹಿಂಸೆ ಕೊಡುತ್ತಾನೆ, ಆದರೂ ಕೊಡುವುದಿಲ್ಲ. ಕೊನೆಗೆ ಮಾದಪ್ಪ ಬಂದು ಅವಳ ಕೈಹಿಡಿಯುತ್ತಾನೆ. ನನಗಂತೂ ಕೇಳಿದಾಗಲೆಲ್ಲ ಗಂಟಲು ಕಟ್ಟುತ್ತದೆ.

1996ರಲ್ಲಿ ‘ಜನುಮದ ಜೋಡಿ’ ಸಿನಿಮಾದಲ್ಲಿ ವಿ. ಮನೋಹರ್ ಸಂಗೀತದಲ್ಲಿ ‘ಕೋಲುಮಂಡೆ’ ಹಾಡು ಬಂತು. ಎಲ್.ಎನ್. ಶಾಸ್ತ್ರಿಯವರ ದನಿ. ಅದೂ ವ್ಯಾಪಾರದ ಸಿನಿಮಾನೇ, ಭರ್ಜರಿಯಾಗಿ ಓಡಿತು. ಯಾರಿಗೂ ನೋವಾಗಲಿಲ್ಲ. 2020ರ ಗಣೇಶನ ಹಬ್ಬದ ಹೊತ್ತಿಗೆ ಚಂದನ್ ಶೆಟ್ಟಿ ಅದೇ ಸೊಲ್ಲನ್ನು ರ‍್ಯಾಪ್‌ಗೆ ತಂದರು. ‘3 ಪೆಗ್’ನಿಂದ ಮನೆಮಾತಾಗಿ, 2018ರಲ್ಲಿ ಬಿಗ್ ಬಾಸ್ ಗೆದ್ದವರು. ಕನ್ನಡ ರ‍್ಯಾಪ್ ಅನ್ನು ಹಳ್ಳಿಹಳ್ಳಿಗೆ ಮುಟ್ಟಿಸಿದವರಲ್ಲಿ ಅವರೂ ಒಬ್ಬರು, ಅದನ್ನು ಒಪ್ಪಲೇಬೇಕು. ಆದರೆ ವಿಡಿಯೋದಲ್ಲಿ ಸಂಕಮ್ಮನನ್ನು ತೋರಿಸಿದ ರೀತಿ ಮಾದಪ್ಪನ ಭಕ್ತರನ್ನು ಕೆರಳಿಸಿತು. ಅವರು ಕ್ಷಮೆ ಕೇಳಿದರು, ವಿಡಿಯೋ ಯೂಟ್ಯೂಬ್‌ನಿಂದ ಇಳಿಯಿತು.

ನನ್ನ ತಕರಾರು ಬೀಟ್ ಹಾಕಿದ್ದಕ್ಕಲ್ಲ. ಕಂಸಾಳೆಗಿಂತ ಒಳ್ಳೆಯ ಬೀಟ್ ಯಾವುದಿದೆ? ದುಡ್ಡು ಮಾಡಿದ್ದಕ್ಕೂ ಅಲ್ಲ. ಸೊಲ್ಲನ್ನು ಎತ್ತಿಕೊಂಡು ಕಥೆಯನ್ನು ಬಿಟ್ಟುಬಂದದ್ದಕ್ಕೆ. ಭಾಷೆ ಕೊಡಲಾರೆ ಅಂದ ಹೆಣ್ಣನ್ನು ಬರೀ ನೋಡುವ ಹೆಣ್ಣಾಗಿ ಮಾಡಿದ್ದಕ್ಕೆ. ಕಸುಬು, ವ್ಯಾಪಾರ ಎರಡೂ ಒಟ್ಟಿಗೆ ಬದುಕಬಲ್ಲವು ಅಂತ ಗುಡ್ಡರು ಎಂದೋ ತೋರಿಸಿದ್ದಾರೆ. ಷರತ್ತು ಒಂದೇ. ಸೊಲ್ಲು ಕಥೆಯ ಕಡೆಗೆ ಕರಕೊಂಡು ಹೋಗಬೇಕು, ಕಥೆಯ ಜಾಗದಲ್ಲಿ ತಾನೇ ಕೂರಬಾರದು.

ರಾತ್ರಿ ಹುಡುಗನಿಗೆ ಫೋನ್ ಮಾಡಿದೆ. "ಪಲ್ಲವಿ ರೀಲ್ಸ್‌ಗೆ ಹಾಕೋ, ಬೇಡ ಅನ್ನಲ್ಲ. ಪೂರ್ತಿ ಹಾಡೂ ಇರ್ಲಿ. ಡಬ್ಬಿ ಹಿಡ್ಕೊಂಡು ಹೋಗೋ ಚರಣ ಮಾತ್ರ ಮುಟ್ಟಬೇಡ."

ಸ್ವಲ್ಪ ಹೊತ್ತು ಸುಮ್ಮನಿದ್ದ. "ಮಾಮ, ಅದು ಯಾರೂ ಕೇಳ್ದೇ ಇದ್ರೆ?"

"ನಿಮ್ಮಪ್ಪ ಕೇಳ್ತಾರೆ ಕಣೋ" ಅಂದೆ.

ಅದು ಸಾಕಾ? ಇಪ್ಪತ್ತು ವರ್ಷದ ಹುಡುಗನಿಗೆ ಸಾಲದು ಅಂತ ನನಗೂ ಗೊತ್ತು. ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?