ವೇಗದ ಗುಂಡು, ದುಬಾರಿ ತೋಟಾ: ಕಬಿನಿ ತೀರದ ಬೇಟೆಯ ರೈಫಲ್ಲುಗಳನ್ನು ಕುರಿತು ಒಂದು ವಿಚಾರ

ಮೈಸೂರು ಸೀಮೆಯ ಬೇಟೆಯ ವೃತ್ತಾಂತಗಳಲ್ಲಿ ಮೃಗಕ್ಕೂ ಬೇಟೆಗಾರನ ಧೈರ್ಯಕ್ಕೂ ದೊರೆತಿರುವಷ್ಟು ಸ್ಥಾನ ಆಯುಧಕ್ಕೆ ದೊರೆತಿಲ್ಲ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ವಿಲಾಯತಿಯ ಬಂದೂಕು ತಯಾರಕರು ತಮ್ಮ ತಮ್ಮ ಹೆಸರು ಹಚ್ಚಿ ಮಾರುತ್ತಿದ್ದ ಅತಿವೇಗದ ರೈಫಲ್ಲುಗಳಿಗೂ, ಆ ರೈಫಲ್ಲಿಗಲ್ಲದೆ ಬೇರೊಂದಕ್ಕೆ ಹೊಂದದ ತೋಟಾಗಳಿಗೂ ತೆತ್ತ ಬೆಲೆ ಸಾರ್ಥಕವಾಯಿತೆ ಎಂಬ ಪ್ರಶ್ನೆ ಶಿಕಾರಿಗಳ ಹರಟೆಗೆ ಮಾತ್ರ ಸೇರಿದುದಲ್ಲ. ಗುಂಡು ತಾಗಿಯೂ ತನ್ನ ಕೆಲಸವನ್ನು ಮಾಡದೆ ಹೋದಾಗ, ಗಾಯಗೊಂಡ ಮೃಗವನ್ನು ಮರುದಿನ ಎದುರಿಸಬೇಕಾದವರು ಬಹುಮಟ್ಟಿಗೆ ಬಂದೂಕಿನ ಒಡೆಯರಲ್ಲ. ದನ ಕಾಯುವ ಹುಡುಗರು, ಸೌದೆಗೆ ಹೋಗುವ ಹೆಂಗಸರು, ದಿನಗೂಲಿಗೆ ಪೊದೆ ಬಡಿದು ಮೃಗವನ್ನೆಬ್ಬಿಸುವ ಆಳುಗಳು.

ಈ ವಿಚಾರಕ್ಕೆ ನಂಜನಗೂಡು, ತಿರುಮಕೂಡಲು ನರಸೀಪುರ ತಾಲ್ಲೂಕುಗಳನ್ನು ಆರಿಸಿಕೊಂಡುದಕ್ಕೆ ಕಾರಣವುಂಟು. ಕಬಿನಿ ಕಾವೇರಿಗಳು ಕೂಡುವ ನರಸೀಪುರದ ಸುತ್ತ ಗದ್ದೆಬಯಲು, ತೆರೆದ ಹೊಲ, ಅಲ್ಲಲ್ಲಿ ಕುರುಚಲು ಗುಡ್ಡ. ನಂಜನಗೂಡಿನ ನೈಋತ್ಯಕ್ಕೆ ಹೆಡಿಯಾಲದ ಕಡೆಗೆ ಸಾಗಿದರೆ ಇಂದಿನ ಬಂಡೀಪುರ ಅಭಯಾರಣ್ಯದ ಅಂಚು. ಹೀಗೆ ಬಯಲಿನ ಬೇಟೆ, ಕಾಡಿನ ಬೇಟೆ ಎರಡಕ್ಕೂ ಬೇಕಾದ ನೆಲ ಇಲ್ಲಿ ಅಕ್ಕಪಕ್ಕದಲ್ಲಿದೆ. ಅಲ್ಲದೆ 1891ರಲ್ಲಿ ಮೈಸೂರಿನಿಂದ ನಂಜನಗೂಡಿಗೆ ಬಂದ ರೈಲುಮಾರ್ಗ 1926ರಲ್ಲಿ ಚಾಮರಾಜನಗರಕ್ಕೆ ಮುಂದುವರಿಯುವವರೆಗೂ ದಕ್ಷಿಣದ ಕಾಡುಗಳಿಗೆ ಹೋಗುವವರಿಗೆ ನಂಜನಗೂಡೇ ರೈಲಿನ ಕೊನೆಯ ನಿಲ್ದಾಣವಾಗಿತ್ತು.

ಅದಕ್ಕೂ ಹಿಂದೆ, ಮೈಸೂರು ಸರ್ಕಾರದ ನಾಲೆಗಳ ಮೇಲ್ವಿಚಾರಣೆಗೆಂದು ಬಂದು ಆನೆ ಹಿಡಿಯುವುದರಲ್ಲಿ ಹೆಸರಾದ ಜಿ. ಪಿ. ಸ್ಯಾಂಡರ್ಸನ್ನನ ಕಾಲದಲ್ಲಿ, ದೊಡ್ಡ ಮೃಗಕ್ಕೆ ದೊಡ್ಡ ಗುಂಡು ಎಂಬುದೇ ನಿಯಮ. 1878ರಲ್ಲಿ ಪ್ರಕಟವಾದ ಅವನ ಗ್ರಂಥದ ಕಾಲಕ್ಕೆ ಆನೆಯ ಬೇಟೆಗೆ ‘ನಾಲ್ಕು ಬೋರ್’, ‘ಎಂಟು ಬೋರ್’ ಬಂದೂಕುಗಳು ಬಳಕೆಯಲ್ಲಿದ್ದವು. ನಾಲ್ಕು ಬೋರ್ ಎಂದರೆ ನಳಿಗೆಗೆ ಹೊಂದುವ ಸೀಸದ ಉಂಡೆ ಕಾಲು ಪೌಂಡು ತೂಗುತ್ತದೆ ಎಂದರ್ಥ. ಕರಿಮದ್ದಿನಿಂದ ಹೆಚ್ಚಿನ ವೇಗ ದೊರೆಯದಾದುದರಿಂದ ತೂಕವನ್ನೇ ನೆಚ್ಚಬೇಕಾಗಿತ್ತು. ವೇಗದ ಮೋಹ ಮಾತ್ರ ಆಗಲೇ ಹುಟ್ಟಿತ್ತು: 1856ರಲ್ಲಿ ಪರ್ಡಿ ಎಂಬ ಲಂಡನ್ ತಯಾರಕನು ಹಗುರ ಗುಂಡಿನ ತನ್ನ ರೈಫಲ್ಲಿಗೆ ‘ಎಕ್ಸ್‌ಪ್ರೆಸ್ ರೈಲು’ ಎಂದೇ ಹೆಸರಿಟ್ಟನು. ಬಂದೂಕಿನ ಪೆಟ್ಟಿಗೆಯೊಡನೆ ನಂಜನಗೂಡಿನಲ್ಲಿಳಿದವರು ಬಂದ ಗಾಡಿಗಂತೂ ಆ ಹೆಸರು ಸಲ್ಲುತ್ತಿರಲಿಲ್ಲ.

1898ರಲ್ಲಿ ರಿಗ್ಬಿಯವರು ಹೊಗೆಯಿಲ್ಲದ ಮದ್ದಾದ ಕಾರ್ಡೈಟನ್ನು ಬಳಸಿ .450 ನೈಟ್ರೊ ಎಕ್ಸ್‌ಪ್ರೆಸ್ಸನ್ನು ಹೊರತಂದಾಗ 480 ಗ್ರೈನ್ ತೂಕದ ಗುಂಡು ಸೆಕೆಂಡಿಗೆ 2150 ಅಡಿ ವೇಗದಲ್ಲಿ ಹೊರಡುವಂತಾಯಿತು (ಪೌಂಡಿಗೆ 7000 ಗ್ರೈನ್). ಇದು ನಿಜವಾದ ಕ್ರಾಂತಿ. ಇದರ ಮುಂದಿನ ಕಥೆಯಲ್ಲಿ ವಿಜ್ಞಾನಕ್ಕಿಂತ ರಾಜಕೀಯವೂ ವ್ಯಾಪಾರವೂ ಹೆಚ್ಚು. ಸೇನೆಯ ಮಾರ್ಟಿನಿ-ಹೆನ್ರಿ ಕೋವಿಗಳು ಬಂಡುಕೋರರ ಕೈ ಸೇರಿದ್ದರೆ ಅವಕ್ಕೆ .450 ಅಳತೆಯ ಮದ್ದುಗುಂಡು ಒದಗೀತೆಂದು ಅಂಜಿದ ಬ್ರಿಟಿಷ್ ಸರ್ಕಾರ 1907ರಲ್ಲಿ ಆ ಅಳತೆಯ ತೋಟಾಗಳು ಭಾರತಕ್ಕೆ ಬರದಂತೆ ತಡೆಯಿತು. ಸ್ವಂತ ಬಂದರಿಲ್ಲದ ಮೈಸೂರು ಸಂಸ್ಥಾನಕ್ಕೂ ಅದರ ಬಿಸಿ ತಟ್ಟದಿರಲಿಲ್ಲ. ಕೂಡಲೇ ತಯಾರಕರು .465, .470, .475 ಎಂದು ಹೊಸ ಅಳತೆಗಳನ್ನು ಕಲ್ಪಿಸಿದರು. ಹಾಲೆಂಡ್ ಅಂಡ್ ಹಾಲೆಂಡ್‌ನವರ .465ರಲ್ಲಿಯೂ ಗುಂಡಿನ ತೂಕ 480 ಗ್ರೈನ್, ವೇಗ 2150 ಅಡಿಯೇ. ಮೃಗದ ಪಾಲಿಗೆ ಏನೂ ಬದಲಾಗಲಿಲ್ಲ. ಕೊಳ್ಳುವವನು ಮಾತ್ರ ಹೊಸ ರೈಫಲ್ಲನ್ನೂ ಹೊಸ ತೋಟಾವನ್ನೂ ಕೊಳ್ಳಬೇಕಾಯಿತು. ಸಂಸ್ಥೆಯ ಹೆಸರು ಹೊತ್ತ ತೋಟಾದಲ್ಲಿ ಎಷ್ಟು ಪಾಲು ಗುಣ, ಎಷ್ಟು ಪಾಲು ಹೆಸರು ಎಂಬುದನ್ನು ಇದರಿಂದ ಊಹಿಸಬಹುದು.

ಇನ್ನು ಅತಿವೇಗದ ವಿಷಯ. 1907ರ ಹೊತ್ತಿಗೆ ಬಂದ .280 ರಾಸ್ ಎಂಬ ತೋಟಾ ಸುಮಾರು 145 ಗ್ರೈನಿನ ಗುಂಡನ್ನು ಸೆಕೆಂಡಿಗೆ ಸುಮಾರು 2900 ಅಡಿ ವೇಗದಲ್ಲಿ ಕಳುಹಿಸುತ್ತಿತ್ತು. ಇದರ ಲಾಭ ಗುಂಡು ದಾರಿಯಲ್ಲಿ ಕಡಮೆ ಕೆಳಗಿಳಿಯುವುದು. ಲೆಕ್ಕಹಾಕಿ ನೋಡಿದರೆ 200 ಗಜ ದೂರದಲ್ಲಿ ಹಳೆಯ .450ರ ಗುಂಡು ಸುಮಾರು ಒಂದೂವರೆ ಅಡಿ ಇಳಿಯುವಲ್ಲಿ ಇದು ಮುಕ್ಕಾಲು ಅಡಿಯಷ್ಟು ಮಾತ್ರ ಇಳಿಯುತ್ತದೆ. ಬಯಲಿನಲ್ಲಿ ಕೃಷ್ಣಮೃಗವನ್ನು ಅರಸುವವನಿಗೆ ಇದು ಅಲ್ಪ ಲಾಭವಲ್ಲ. ಹೆಡಿಯಾಲದ ಕಡೆಯ ಬಿದಿರುಮೆಳೆಯಲ್ಲಿಯೋ ಅಟ್ಟಣೆಯ ಮೇಲೋ 50 ಗಜದೊಳಗೆ ಹೊಡೆಯುವವನಿಗೆ ಆ ವ್ಯತ್ಯಾಸ ಅರ್ಧ ಅಂಗುಲ. ಅರ್ಧ ಅಂಗುಲಕ್ಕಾಗಿ ಯಾರೂ ಹಣ ತೆರಬೇಕಾಗಿಲ್ಲ.

ವೇಗದ ದೋಷವಾದರೋ ಸಮೀಪದಲ್ಲಿಯೇ ಪ್ರಕಟವಾಗುತ್ತದೆ. ಹಗುರವಾದ, ತೆಳುಕವಚದ ಗುಂಡು ಅತಿವೇಗದಲ್ಲಿ ಎಲುಬಿಗೆ ತಾಗಿದರೆ ಒಳಹೋಗುವ ಮುನ್ನವೇ ಸಿಡಿದು ಚೂರಾಗುತ್ತದೆ; ಗಾಯ ಅಗಲ, ಆಳವಿಲ್ಲ. 1911ರಲ್ಲಿ ಪೂರ್ವ ಆಫ್ರಿಕದಲ್ಲಿ ಬ್ರಿಟಿಷ್ ವಿದೇಶಾಂಗ ಮಂತ್ರಿ ಎಡ್ವರ್ಡ್ ಗ್ರೇಯ ಸಹೋದರ ಜಾರ್ಜ್ ಗ್ರೇ ಮೇಲೆರಗಿದ ಸಿಂಹವನ್ನು .280 ರಾಸ್‌ನಿಂದ ಹೊಡೆದನು. ಗುಂಡು ಸಿಂಹವನ್ನು ತಡೆಯಲಿಲ್ಲ, ಅವನು ಸತ್ತನು. ನಮ್ಮ ಹವೆಯೂ ವೇಗಕ್ಕೆ ಅನುಕೂಲವಲ್ಲ. ಕಾರ್ಡೈಟು ಬಿಸಿಯೇರಿದಷ್ಟೂ ಕೋಣೆಯೊಳಗಿನ ಒತ್ತಡ ಏರಿ, ಖಾಲಿ ತೋಟಾ ಅಂಟಿಕೊಳ್ಳುವ ಭಯವಿತ್ತು. ಉಷ್ಣದೇಶಗಳಿಗೆಂದು ಮದ್ದನ್ನು ಕಡಮೆಮಾಡಿದ ತೋಟಾಗಳನ್ನು ತಯಾರಕರೇ ಮಾರಿದರು. ಅಂದರೆ ಜಾಹೀರಾತಿನ ವೇಗಕ್ಕೆ ಹಣ ಕೊಟ್ಟವನಿಗೆ ಚೈತ್ರ ವೈಶಾಖಗಳ ಬೇಟೆಯಲ್ಲಿ ಆ ವೇಗ ಪೂರ್ಣವಾಗಿ ದಕ್ಕುತ್ತಿರಲಿಲ್ಲ.

ಇದಕ್ಕೆ ಪ್ರತಿಯಾಗಿ, ಅಗ್ಗದ ಆಯುಧಗಳ ಸಾಧನೆಯನ್ನು ನೋಡಬೇಕು. 1907ರಲ್ಲಿ ಚಂಪಾವತದ ನರಭಕ್ಷಕಿಯನ್ನು ಕೊಂದುದಕ್ಕೆ ಜಿಮ್ ಕಾರ್ಬೆಟ್ಟನಿಗೆ ಬಹುಮಾನವಾಗಿ ಬಂದ ‘.275 ರಿಗ್ಬಿ’ಯ ತೋಟಾ, ಹೆಸರು ಕಳಚಿ ನೋಡಿದರೆ, 1892ರಷ್ಟು ಹಿಂದೆಯೇ ಬಂದ ಜರ್ಮನ್ ಮಾಸರ್ ಸೈನ್ಯದ ತೋಟಾವೇ. ಬೆಂಗಳೂರಿನ ಕೆನೆತ್ ಆಂಡರ್ಸನ್ ಮೈಸೂರು, ಸೇಲಂ ಕಾಡುಗಳಲ್ಲಿ ನೆಚ್ಚಿದ್ದುದು ಅಮೆರಿಕದ ಕಾರ್ಖಾನೆಯಲ್ಲಿ ಮಾಡಿದ .405 ವಿಂಚೆಸ್ಟರ್: 300 ಗ್ರೈನಿನ ಗುಂಡು, 2200 ಅಡಿ ವೇಗ. ಕುಶಲ ಕೈಗೆಲಸದ ಲಂಡನ್ ಜೋಡುನಳಿಗೆಯ ಬೆಲೆ ಇದಕ್ಕೆ ಹಲವು ಪಾಲು.

ಹಾಗೆಂದು ದುಬಾರಿ ರೈಫಲ್ಲೆಲ್ಲ ಆಡಂಬರವೆನ್ನಲಾಗದು. ಪೊದೆಯಿಂದ ನುಗ್ಗುವ ಕಾಟಿಯ ಮುಂದೆ ಕ್ಷಣಮಾತ್ರದಲ್ಲಿ ಎರಡನೆಯ ಗುಂಡು ಹೊರಡುವಂತಿರುವುದು, ಅದಕ್ಕೆ ಬೇರೆಯೇ ಕುದುರೆ, ಬೇರೆಯೇ ಬೀಗವಿರುವುದು ಪ್ರಾಣ ಉಳಿಸುವ ಗುಣ. ಆ ಭದ್ರತೆಗೆ ತೆತ್ತ ಹಣ ವ್ಯರ್ಥವಲ್ಲವೆಂದೇ ನನ್ನ ಅಭಿಪ್ರಾಯ. ತೂಕವಾದ ಗುಂಡಿಗೆ ತೆತ್ತುದೂ ವ್ಯರ್ಥವಲ್ಲ. ಕೇವಲ ವೇಗಕ್ಕೂ, ತೋಟಾದ ತಳದಲ್ಲಿ ಕೊರೆದ ಹೆಸರಿಗೂ ತೆತ್ತುದು ನಮ್ಮ ಕಾಡಿನಲ್ಲಿ ಹೆಚ್ಚುಪಾಲು ನಷ್ಟ. 1912ರ .375 ಮ್ಯಾಗ್ನಮ್ ಇದಕ್ಕೆ ಅಪವಾದ. ತಯಾರಕರು ಹಕ್ಕನ್ನು ಬಿಗಿಹಿಡಿಯದೆ ಇತರರಿಗೂ ಬಿಟ್ಟುಕೊಟ್ಟುದರಿಂದಲೇ ಅದು ಉಳಿದು ಬೆಳೆಯಿತು. ಉಳಿದ ಹಲವಕ್ಕೆ 1960ರ ದಶಕದಿಂದೀಚೆಗೆ ಬರ್ಮಿಂಗ್‌ಹ್ಯಾಮಿನ ಕೈನಾಕ್ ಕಾರ್ಖಾನೆ ತೋಟಾ ಮಾಡುವುದನ್ನು ನಿಲ್ಲಿಸಿದೊಡನೆ ರೈಫಲ್ಲುಗಳು ಗೋಡೆಯ ಅಲಂಕಾರವಾದವು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ಶಿಕಾರಿಯೂ ಮುಗಿಯಿತು, ಆದರೆ ಮೃಗದ ಭಯ ಮುಗಿದಿಲ್ಲ. 2022ರ ಕೊನೆಯಲ್ಲಿ ನರಸೀಪುರ ತಾಲ್ಲೂಕಿನಲ್ಲಿ ಚಿರತೆಯಿಂದಲೂ, 2023ರ ನವೆಂಬರಿನಲ್ಲಿ ನಂಜನಗೂಡು ತಾಲ್ಲೂಕಿನ ಕಾಡಂಚಿನಲ್ಲಿ ಹುಲಿಯಿಂದಲೂ ಮನುಷ್ಯರು ಸತ್ತರು. ಅರಣ್ಯ ಇಲಾಖೆಯವರು ಈಗ ಬೋನಿನೊಡನೆ ಒಯ್ಯುವುದು ಅರಿವಳಿಕೆಯ ಸೂಜಿ ಹಾರಿಸುವ ಬಂದೂಕನ್ನು. ಅದರಲ್ಲಿ ದೂರವನ್ನು ಅಳೆದು ಅನಿಲದ ಒತ್ತಡವನ್ನು ತಗ್ಗಿಸಿಕೊಳ್ಳಬೇಕು. ವೇಗ ಹೆಚ್ಚಾದರೆ ಸೂಜಿಯೇ ಎಲುಬನ್ನು ಮುರಿಯುತ್ತದೆ.