ಚಿನ್ನ ಮುಗಿದ ಮೇಲೆ ಉಳಿದ ಊರು

ನಮ್ಮ ದೇವಾಲಯಕ್ಕೆ ನೂರು ವರ್ಷಗಳು ತುಂಬಿದ ಈ ಶುಭ ಸಂದರ್ಭದಲ್ಲಿ ಹಿಂದಿನವರ ಶ್ರಮವನ್ನು ನೆನೆಯುವುದು ಸಹಜವೇ ಆಗಿದೆ. ಆದರೆ ಶತಮಾನೋತ್ಸವವೆಂಬುದು ಹಿಂದಕ್ಕೆ ನೋಡುವ ಹಬ್ಬ ಮಾತ್ರವಲ್ಲ, ಮುಂದೇನು ಎಂದು ಕೇಳಿಕೊಳ್ಳುವ ದಿನವೂ ಹೌದು. ಹೊಸಪೇಟೆ, ಸಂಡೂರು, ಕಂಪ್ಲಿ ಸೀಮೆಯ ನಮ್ಮಲ್ಲಿ ಅನೇಕ ಕುಟುಂಬಗಳ ಅನ್ನ ಬೆಟ್ಟದ ಕಲ್ಲಿನಿಂದ ಬಂದದ್ದು. ಆ ಕಲ್ಲು ಮುಗಿದ ದಿನ ಊರು ಹೇಗೆ ಬದುಕುತ್ತದೆ ಎಂಬ ಪ್ರಶ್ನೆ ನಮ್ಮ ಮನೆಯ ಪ್ರಶ್ನೆಯೇ ಆಗಿದೆ. ಈ ಪ್ರಶ್ನೆಯನ್ನು ನಮಗಿಂತ ಮೊದಲೇ ಎದುರಿಸಿದ ಊರೊಂದು ನಮ್ಮ ರಾಜ್ಯದಲ್ಲಿಯೇ ಇದೆ. ಅದು ಕೋಲಾರದ ಚಿನ್ನದ ಗಣಿ ಪ್ರದೇಶ, ಜನರ ಬಾಯಲ್ಲಿ ಕೆ.ಜಿ.ಎಫ್. ಅದರ ಕಥೆಯನ್ನು ನಮ್ಮ ಬಾಂಧವರ ಮುಂದಿಡುವುದೇ ಈ ಲೇಖನದ ಉದ್ದೇಶ.

ಒಂದೇ ಕಲ್ಲಿನ ಬಳಗ

ಸಂಡೂರಿಗೂ ಕೋಲಾರಕ್ಕೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಸಂಬಂಧ ನೆಲದೊಳಗಿದೆ. ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ನಮ್ಮ ಬಳ್ಳಾರಿ ಜಿಲ್ಲೆಯನ್ನು ಸುತ್ತಿ, ಇಲ್ಲಿನ ಶಿಲೆಗಳ ವಿವರವನ್ನು 1895ರಲ್ಲಿ ಪ್ರಕಟಿಸಿದರು. ಈ ನಾಡಿನ ಹಳೆಯ ಕಪ್ಪು-ಹಸಿರು ಶಿಲೆಗಳ ಪಟ್ಟಿಗಳಿಗೆ ಧಾರವಾಡದ ಹೆಸರನ್ನಿಟ್ಟವರೂ ಅವರೇ. ಸಂಡೂರು, ಗದಗ, ಹಟ್ಟಿ, ಕೋಲಾರ ಇವೆಲ್ಲ ಅಂತಹ ಪುರಾತನ ಶಿಲಾಪಟ್ಟಿಗಳ ಮೇಲೆ ನಿಂತಿರುವ ಊರುಗಳು. ನಮ್ಮ ಪಾಲಿಗೆ ಕಬ್ಬಿಣ ಮತ್ತು ಮ್ಯಾಂಗನೀಸ್ ಬಂದವು, ಅವರ ಪಾಲಿಗೆ ಚಿನ್ನ ಬಂದಿತು.

ಗದಗಿನ ಬಳಿಯ ಕಪ್ಪತಗುಡ್ಡದಲ್ಲಿಯೂ 20ನೆಯ ಶತಮಾನದ ಮೊದಲ ವರ್ಷಗಳಲ್ಲಿ ಚಿನ್ನಕ್ಕಾಗಿ ಗಣಿ ತೋಡಿದ್ದರು. ಅದು ಹೆಚ್ಚು ಕಾಲ ನಡೆಯಲಿಲ್ಲ. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಪುರಾತನರು ಬಂಡೆಯನ್ನು ಬೆಂಕಿಯಿಂದ ಕಾಯಿಸಿ ಒಡೆದು, ಆಳಕ್ಕೆ ಇಳಿದ ಗುರುತುಗಳಿವೆ. ಹೊಸ ಕಾಲದ ಕಂಪನಿ ಅಲ್ಲಿ ಕೆಲಸ ಆರಂಭಿಸಿ, 1920ರ ಸುಮಾರಿಗೆ ನಿಲ್ಲಿಸಿತು. 1947ರಲ್ಲಿ ಹೊಸ ಕಂಪನಿ ಸ್ಥಾಪನೆಯಾಗಿ ಗಣಿ ಮತ್ತೆ ನೆಲೆಯೂರಿತು, ಇಂದಿಗೂ ಅಲ್ಲಿ ಚಿನ್ನ ತೆಗೆಯಲಾಗುತ್ತಿದೆ. ಗಣಿಯ ಬಾಗಿಲು ಮುಚ್ಚುವುದೂ ತೆರೆಯುವುದೂ ಕಾರ್ಮಿಕನ ಕೈಯಲ್ಲಿಲ್ಲವೆಂಬುದಕ್ಕೆ ಇವು ಸಾಕ್ಷಿ.

ಬರಡು ನೆಲದಲ್ಲಿ ಎದ್ದ ಪಟ್ಟಣ

1802ರಲ್ಲಿ ಮೈಸೂರು ರಾಜ್ಯದ ಮೂಡಣ ಗಡಿಯನ್ನು ಅಳೆಯಲು ಬಂದ ಲೆಫ್ಟಿನೆಂಟ್ ಜಾನ್ ವಾರೆನ್ ಎಂಬ ಅಧಿಕಾರಿ, ಈ ಭಾಗದಲ್ಲಿ ಚಿನ್ನ ಸಿಗುವ ಸುದ್ದಿ ಕೇಳಿ, ತೋರಿಸಿದವರಿಗೆ ಬಹುಮಾನ ಸಾರಿದನು. ಹಳ್ಳಿಗರು ಮಣ್ಣು ತಂದು ಅವನ ಎದುರಿನಲ್ಲಿಯೇ ತೊಳೆದು, ಚಿನ್ನದ ಕಣಗಳನ್ನು ತೋರಿಸಿದರು. ಮಾರಿಕುಪ್ಪಂ ಬಳಿ ಬಡಜನರು ಸರಳ ಉಪಕರಣಗಳೊಡನೆ ನೆಲದೊಳಕ್ಕೆ ಇಳಿಯುತ್ತಿದ್ದುದನ್ನೂ ಅವನು ಕಂಡನು. ಚಿನ್ನವನ್ನು ಕಂಡುಹಿಡಿದವರ ಪಟ್ಟಿಯಲ್ಲಿ ಪರದೇಶಿಯರ ಹೆಸರುಗಳಿವೆ. ಆದರೆ ದಾರಿ ತೋರಿಸಿದವರು ಹೆಸರಿಲ್ಲದ ಈ ಹಳ್ಳಿಗರೇ ಎಂಬುದನ್ನು ಮರೆಯಲಾಗದು.

ಎಪ್ಪತ್ತು ವರ್ಷಗಳು ಕಳೆದ ಮೇಲೆ, ನ್ಯೂಜಿಲೆಂಡಿನ ಯುದ್ಧದಲ್ಲಿ ಸೇವೆ ಸಲ್ಲಿಸಿ ಬೆಂಗಳೂರಿನಲ್ಲಿ ನೆಲಸಿದ್ದ ಮೈಕೇಲ್ ಲವೆಲ್ ಎಂಬ ಐರಿಷ್ ಸಿಪಾಯಿ, ವಾರೆನ್ನನ ಬರಹವನ್ನು ಓದಿ ಈ ಕಡೆ ಬಂದನು. ಮೈಸೂರು ಸರ್ಕಾರದಿಂದ ಪರವಾನಗಿ ಪಡೆದು 1875ರಲ್ಲಿ ಉರಿಗಾಂ ಬಳಿ ಬಾವಿ ತೋಡಿಸಿದನು. ಅವನ ಹಣ ಸಾಲಲಿಲ್ಲ, ಹಕ್ಕು ಬೇರೆಯವರ ಪಾಲಾಯಿತು. ಮುಂದೆ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಲಂಡನ್ನಿನ ಸಂಸ್ಥೆ 1880ರಲ್ಲಿ ಕಾಲಿಟ್ಟಿತು. ಅವರ ಬಂಡವಾಳವೂ ಕರಗುತ್ತ ಬಂದು, ಗಣಿಯನ್ನು ಕೈಬಿಡುವ ಹಂತ ತಲುಪಿದಾಗ, ಉಳಿದ ಹಣದಲ್ಲಿ ಮಾಡಿದ ಕೊನೆಯ ಪ್ರಯತ್ನ ಫಲಿಸಿ, ಚಾಂಪಿಯನ್ ರೀಫ್ ಎಂಬ ಸಮೃದ್ಧ ಸಿರ ದೊರಕಿತು. ಮೈಸೂರು, ಚಾಂಪಿಯನ್ ರೀಫ್, ಉರಿಗಾಂ, ನಂದಿದುರ್ಗ, ಬಾಲಘಾಟ್ ಎಂಬ ಗಣಿಗಳು ಒಂದರ ಪಕ್ಕದಲ್ಲೊಂದು ಎದ್ದವು.

ಕುರುಚಲು ಕಾಡಿನ ಬರಡು ನೆಲ ನೋಡುತ್ತಿದ್ದಂತೆ ಪಟ್ಟಣವಾಯಿತು. ಬೇತಮಂಗಲದ ಬಳಿ ಪಾಲಾರ್ ನದಿಯ ನೀರನ್ನು ತಡೆದು ಗಣಿಗಳಿಗೆ ತರಲಾಯಿತು. 1902ರ ಜೂನ್ 30ರಂದು ಶಿವನಸಮುದ್ರದ ಕಾವೇರಿ ಜಲಪಾತದಿಂದ ಸುಮಾರು 147 ಕಿಲೋಮೀಟರ್ ದೂರ ತಂತಿಯ ಮೇಲೆ ವಿದ್ಯುತ್ತು ಹರಿದು ಬಂದಿತು. ನಮ್ಮ ನಾಡಿನ ಮಹಾನಗರಗಳೇ ದೀಪದ ಎಣ್ಣೆಯಲ್ಲಿ ರಾತ್ರಿ ಕಳೆಯುತ್ತಿದ್ದ ದಿನಗಳವು. ಮದರಾಸು ಪ್ರಾಂತ್ಯದ ಉತ್ತರ ಆರ್ಕಾಟು, ಸೇಲಂ ಜಿಲ್ಲೆಗಳಿಂದ ತಮಿಳರು, ಪಕ್ಕದ ಸೀಮೆಗಳಿಂದ ತೆಲುಗರು, ಸುತ್ತಲಿನ ಹಳ್ಳಿಗಳಿಂದ ಕನ್ನಡಿಗರು, ಇಂಗ್ಲೆಂಡಿನ ಕಾರ್ನ್‌ವಾಲಿನಿಂದ ಅನುಭವಿ ಗಣಿಗಾರರು ಬಂದು ಸೇರಿದರು. 20ನೆಯ ಶತಮಾನದ ಆರಂಭದಲ್ಲಿ 30,000ಕ್ಕೂ ಹೆಚ್ಚು ಮಂದಿ ಇಲ್ಲಿ ದುಡಿಯುತ್ತಿದ್ದರು.

ಆದರೆ ಬೆಳಕು ಎಲ್ಲರ ಮನೆಗೂ ಒಂದೇ ಸಮನೆ ಬರಲಿಲ್ಲ. ಅಧಿಕಾರಿಗಳಿಗೆ ತೋಟದ ನಡುವೆ ಬಂಗಲೆಗಳು, ಕ್ಲಬ್ಬು, ಆಟದ ಮೈದಾನ. ಕಾರ್ಮಿಕರಿಗೆ ಬಿದಿರು ತಟ್ಟಿಯ ಸಾಲು ಮನೆಗಳು. ಅವಕ್ಕೆ ಲೈನುಗಳೆಂದು ಹೆಸರು. ಚಿನ್ನ ತೆಗೆದವರ ಕೈಗೆ ಚಿನ್ನ ಅಂಟದಂತೆ ಕಾವಲು ಬಿಗಿಯಾಗಿತ್ತು. ಕಾರ್ಮಿಕರೆಲ್ಲರೂ ಬೆರಳಚ್ಚು ಕೊಟ್ಟು ನೋಂದಾಯಿಸಿಕೊಳ್ಳಬೇಕೆಂಬ ನಿಯಮ ಬಂದಾಗ, 1930ರಲ್ಲಿ ಗಣಿಗಳ ಜನ ಒಟ್ಟಾಗಿ ಕೆಲಸ ನಿಲ್ಲಿಸಿದರು. ತಾವು ಕಳ್ಳರಲ್ಲ, ದುಡಿಯುವವರು ಎಂಬುದೇ ಅವರ ವಾದದ ತಿರುಳು. ಕೂಲಿಗಿಂತಲೂ ಮಾನಕ್ಕಾಗಿ ನಡೆದ ಹೋರಾಟವೆಂದು ಅದನ್ನು ನಾವು ಗೌರವದಿಂದ ನೆನೆಯಬೇಕು.

ನೆಲದ ಮೇಲೆ, ನೆಲದ ಕೆಳಗೆ

ಚಾಂಪಿಯನ್ ರೀಫ್ ಗಣಿ ಕೊನೆಗೆ 3 ಕಿಲೋಮೀಟರಿಗೂ ಮೀರಿದ ಆಳ ತಲುಪಿತು. ಲೋಕದ ಅತ್ಯಂತ ಆಳದ ಗಣಿಗಳಲ್ಲಿ ಅದೂ ಒಂದಾಗಿತ್ತು. ಆ ಆಳದಲ್ಲಿ ಬಂಡೆಯ ಶಾಖ 60 ಡಿಗ್ರಿ ಸೆಂಟಿಗ್ರೇಡನ್ನು ದಾಟುತ್ತಿತ್ತು. ಮೇಲಿನಿಂದ ತಂಪು ಗಾಳಿಯನ್ನು ಒತ್ತಿ ಕಳುಹಿಸದಿದ್ದರೆ ಮನುಷ್ಯ ಅಲ್ಲಿ ನಿಲ್ಲುವಂತೆಯೇ ಇರಲಿಲ್ಲ. ಕಲ್ಲನ್ನು ಕೊರೆದು ಖಾಲಿ ಮಾಡಿದ ಜಾಗದ ಸುತ್ತ ಭಾರ ಕೂಡಿ, ಬಂಡೆ ಒಮ್ಮೆಲೇ ಸಿಡಿಯುವುದುಂಟು. ಆ ಸಿಡಿತಕ್ಕೆ ಮೇಲಿನ ಮನೆಗಳೂ ಅದುರುತ್ತಿದ್ದವು. ನೆಲ ನಡುಗಿದೊಡನೆ ಯಾವ ಗಣಿ, ಯಾವ ಪಾಳಿ ಎಂದು ಹೆಂಗಸರು ಹೊರಗೆ ಓಡಿ ಬರುವ ಊರಿನಲ್ಲಿ ಸಂಸಾರ ಮಾಡುವುದೆಂದರೇನೆಂದು ಬಯಲುಸೀಮೆಯ ನಮಗೆ ಊಹಿಸುವುದೂ ಕಷ್ಟ. ಬಂಡೆಯಿಂದ ತಪ್ಪಿಸಿಕೊಂಡವರನ್ನು ಕಲ್ಲಿನ ಧೂಳು ಬಿಡುತ್ತಿರಲಿಲ್ಲ. ಎದೆಯೊಳಗೆ ಕುಳಿತ ಆ ಧೂಳು ವರ್ಷಗಳ ತರುವಾಯ ಉಸಿರನ್ನೇ ಕಟ್ಟುತ್ತಿತ್ತು.

ಇಂತಹ ಬದುಕಿನಲ್ಲಿ ಜನರಿಗೆ ಆಸರೆಯಾದದ್ದು ನೆರೆಹೊರೆ. ಲೈನುಗಳ ನಡುವೆ ಗುಡಿಗಳು, ಮಸೀದಿಗಳು, ಚರ್ಚುಗಳು ಎದ್ದವು. ಚಾಂಪಿಯನ್ ರೀಫ್‌ನಲ್ಲಿ ವಿಜಯಮಾತೆಗೆ ಅರ್ಪಿತವಾದ ಕಥೋಲಿಕ ದೇವಾಲಯ ನಮ್ಮ ಬಾಂಧವರ ನೆಲೆಯಾಯಿತು. ಮೊದಲು ಮೈಸೂರು ಧರ್ಮಕ್ಷೇತ್ರಕ್ಕೆ ಸೇರಿದ್ದ ಆ ಸೀಮೆ, 1940ರಲ್ಲಿ ಬೆಂಗಳೂರು ಬೇರೆ ಧರ್ಮಕ್ಷೇತ್ರವಾದಾಗ ಅದರ ಪಾಲಿಗೆ ಬಂದಿತು. ಪಾಳಿ ಮುಗಿಸಿ ಮೇಲೆ ಬಂದವನೂ, ಪಾಳಿಗೆ ಇಳಿಯುವವನೂ ಒಂದೇ ಬಾಗಿಲಲ್ಲಿ ಎದುರಾಗುವ ಊರಿನಲ್ಲಿ ದೇವಾಲಯದ ಗಂಟೆಗೂ ಗಣಿಯ ಕೂಗಿಗೂ ಒಂದೇ ತೂಕ.

ಬಾಗಿಲು ಮುಚ್ಚಿದ ದಿನ

ನೆಲದ ಸಂಪತ್ತಿಗೆ ಕೊನೆಯುಂಟು. ಮೊದಲಲ್ಲಿ ಒಂದು ಟನ್ ಕಲ್ಲಿಗೆ ಹತ್ತಾರು ಗ್ರಾಂ ಸಿಗುತ್ತಿದ್ದ ಚಿನ್ನ, ಕೊನೆಯ ವರ್ಷಗಳಲ್ಲಿ 3 ಗ್ರಾಂ ಆಸುಪಾಸಿಗೆ ಇಳಿಯಿತು. ಆಳ ಹೆಚ್ಚಿದಂತೆ ಖರ್ಚೂ ಹೆಚ್ಚಿತು. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ರಾಷ್ಟ್ರೀಕರಿಸಿತು. 1962ರಲ್ಲಿ ಅವು ಕೇಂದ್ರ ಸರ್ಕಾರದ ಕೈಗೆ ಹೋದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಸಂಸ್ಥೆ ಹುಟ್ಟಿತು. ಹೆಸರು ಬದಲಾದರೂ ಕಲ್ಲಿನೊಳಗಿನ ಚಿನ್ನ ಹೆಚ್ಚಲಿಲ್ಲ. 120 ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನ ಕೊಟ್ಟ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಆಗ ಕೆಲಸದಲ್ಲಿದ್ದವರು ಸುಮಾರು 3,500 ಮಂದಿ. ಅವರನ್ನು ನಂಬಿದ್ದ ಅಂಗಡಿಗಳು, ಕುಟುಂಬಗಳು, ಶಾಲೆಗಳ ಲೆಕ್ಕ ಬೇರೆ.

ಗಣಿ ನಿಂತೊಡನೆ ನೀರೆತ್ತುವ ಪಂಪುಗಳೂ ನಿಂತವು. ಬಾವಿಗಳಲ್ಲಿ ನೀರು ಏರತೊಡಗಿತು. ಒಂದು ಕಾಲಕ್ಕೆ ಹೆಸರುವಾಸಿಯಾಗಿದ್ದ ಗಣಿ ಆಸ್ಪತ್ರೆ ಮುಚ್ಚಿತು. ತಲೆಮಾರುಗಳಿಂದ ವಾಸವಾಗಿದ್ದ ಮನೆ ತಮ್ಮದೋ ಸಂಸ್ಥೆಯದೋ ಎಂಬ ಪ್ರಶ್ನೆ ಪ್ರತಿ ಲೈನಿನಲ್ಲಿಯೂ ಎದ್ದಿತು. ಕಲ್ಲು ಅರೆದು ಚಿನ್ನ ತೆಗೆದ ಬಳಿಕ ಉಳಿದ ಬೂದು ಬಣ್ಣದ ಪುಡಿ ಗುಡ್ಡಗಳಾಗಿ ಊರಿನ ಸುತ್ತ ನಿಂತಿದೆ. ಜನ ಅವನ್ನು ಸೈನೈಡ್ ದಿಬ್ಬಗಳೆನ್ನುತ್ತಾರೆ. ಅಲ್ಲಿರುವುದು ಮೂರು ಕೋಟಿ ಟನ್ನಿಗೂ ಹೆಚ್ಚಿನ ಪುಡಿ. ಬೇಸಗೆಯ ಗಾಳಿಗೆ ಅದು ಎದ್ದು ಊಟದ ತಟ್ಟೆಯವರೆಗೂ ಬರುತ್ತದೆ. ಈ ದಿಬ್ಬಗಳಲ್ಲಿ 13ರಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಯೋಜನೆಗೆ ರಾಜ್ಯ ಸಚಿವ ಸಂಪುಟ 2024ರಲ್ಲಿ ಒಪ್ಪಿಗೆ ನೀಡಿತು.

ಆದರೂ ಊರು ಸತ್ತಿತೆಂದು ಹೇಳುವುದು ತಪ್ಪು. ಮಾರಿಕುಪ್ಪಂನಿಂದ ಹೊರಡುವ ನಸುಕಿನ ರೈಲುಗಳಲ್ಲಿ ಸಾವಿರಾರು ಜನ ಬುತ್ತಿ ಕಟ್ಟಿಕೊಂಡು ಬೆಂಗಳೂರಿಗೆ ದುಡಿಯಲು ಹೋಗಿ, ರಾತ್ರಿ ಮನೆ ಸೇರುತ್ತಾರೆ. ಸುಮಾರು ನೂರು ಕಿಲೋಮೀಟರ್ ಆಚೆ ಕೆಲಸ, ಈಚೆ ಮನೆ. ನಗರದಲ್ಲಿಯೇ ಉಳಿಯಬಹುದಲ್ಲವೇ ಎಂದು ಕೇಳಿದರೆ, ಬಾಡಿಗೆಯ ಲೆಕ್ಕ ಒಂದು ಉತ್ತರ. ಇನ್ನೊಂದು ಉತ್ತರ ಅಜ್ಜನ ಸಮಾಧಿ, ನೆರೆಯವರ ಕೂಗು, ಹಬ್ಬದ ದಿನದ ಬೀದಿ. ಅಂದಿನ ತಂದೆತಾಯಿಗಳು ಮಕ್ಕಳನ್ನು ಗಣಿಗೆ ಇಳಿಸದೆ ಶಾಲೆಗೆ ಕಳುಹಿಸಿದ್ದರ ಫಲವನ್ನೇ ಇಂದಿನ ಮನೆಗಳು ಉಣ್ಣುತ್ತಿವೆ. 1964ರಲ್ಲಿ ಸ್ಥಾಪನೆಯಾದ ಬಿ.ಇ.ಎಂ.ಎಲ್. ಕಾರ್ಖಾನೆಯೊಂದರ ಹೊರತು ಬೇರೆ ದೊಡ್ಡ ಉದ್ಯಮ ಅಲ್ಲಿ ಬೇರೂರಲಿಲ್ಲ. ಆ ಊರನ್ನು ಎತ್ತಿ ಹಿಡಿದದ್ದು ಅಕ್ಷರ ಮತ್ತು ಅನ್ಯೋನ್ಯತೆ.

ನಮ್ಮ ಬಾಗಿಲಿಗೆ ಬಂದ ಪ್ರಶ್ನೆ

ಈಗ ನಮ್ಮ ಬೆಟ್ಟಗಳತ್ತ ತಿರುಗೋಣ. ಘೋರ್ಪಡೆ ಅರಸರ ಸಂಡೂರು ಸಂಸ್ಥಾನದಲ್ಲಿ 20ನೆಯ ಶತಮಾನದ ಆರಂಭದಲ್ಲಿಯೇ ಮ್ಯಾಂಗನೀಸ್ ತೆಗೆಯಲು ತೊಡಗಿದ್ದರು. 1954ರಲ್ಲಿ ಸಂಡೂರು ಮ್ಯಾಂಗನೀಸ್ ಕಂಪನಿ ಸ್ಥಾಪನೆಯಾಯಿತು, 1977ರಲ್ಲಿ ದೋಣಿಮಲೈ ಕಬ್ಬಿಣದ ಗಣಿ ಆರಂಭವಾಯಿತು. ಹೊಸ ಶತಮಾನದ ಮೊದಲ ದಶಕದಲ್ಲಿ ಚೀನಾ ದೇಶದ ಬೇಡಿಕೆ ಏರಿ, ಹೊಸಪೇಟೆಯ ರಸ್ತೆಗಳಲ್ಲಿ ಅದಿರಿನ ಲಾರಿಗಳು ಹಗಲಿರುಳೂ ಸಾಲುಗಟ್ಟಿದ್ದನ್ನು ನಾವೆಲ್ಲರೂ ಕಂಡಿದ್ದೇವೆ. ಮರದ ಎಲೆ, ಮನೆಯ ಗೋಡೆ, ಒಣಹಾಕಿದ ಬಟ್ಟೆ ಎಲ್ಲವೂ ಕೆಂಪಾದವು. ಹೊಲಗಳು ಮಾರಾಟವಾದವು, ಹುಡುಗರು ಓದು ಬಿಟ್ಟು ಲಾರಿ ಹತ್ತಿದರು. ಅಕ್ರಮ ಗಣಿಗಾರಿಕೆಯ ಕುರಿತು ಲೋಕಾಯುಕ್ತರ ವರದಿ ಬಂದ ವಾರದಲ್ಲಿಯೇ, 2011ರ ಜುಲೈ 29ರಂದು, ಸರ್ವೋಚ್ಚ ನ್ಯಾಯಾಲಯ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ವಿಧಿಸಿತು. ಧೂಳು ಇಳಿಯಿತು, ಜೊತೆಗೆ ಕೂಲಿಯೂ ನಿಂತಿತು. ಸಾಲ ಮಾಡಿ ಕೊಂಡ ಲಾರಿಗಳು ಮನೆಯ ಮುಂದೆ ತುಕ್ಕು ಹಿಡಿದವು. 2013ರಲ್ಲಿ ಕೆಲವು ಗಣಿಗಳು ಷರತ್ತುಗಳೊಡನೆ ಮತ್ತೆ ತೆರೆಯುವ ದಾರಿಯಾಯಿತು, ಗಂಭೀರ ಅಕ್ರಮ ಕಂಡುಬಂದ ಗಣಿಗಳ ಗುತ್ತಿಗೆ ರದ್ದಾಯಿತು. ಕೋಲಾರಕ್ಕೆ 2001ರಲ್ಲಿ ಬಂದ ದಿನದ ನೆರಳು ನಮ್ಮ ಮೇಲೆಯೂ ಬಿದ್ದು ಹೋಯಿತು. ಅದು ಮತ್ತೆ ಬಾರದೆಂದು ಯಾರೂ ಹೇಳಲಾರರು.

ನಮ್ಮ ನೆಲಕ್ಕೆ ಇನ್ನೊಂದು ಪಾಠವೂ ಗೊತ್ತಿದೆ. 1336ರಲ್ಲಿ ಆರಂಭವಾದ ವಿಜಯನಗರದ ವೈಭವ 1565ರಲ್ಲಿ ಮಣ್ಣುಪಾಲಾಯಿತು. ಅದರ ಚಿನ್ನದ ವರಾಹಗಳು ಇಂದು ವಸ್ತುಸಂಗ್ರಹಾಲಯಗಳಲ್ಲಿವೆ. ಪೋರ್ಚುಗೀಸ್ ಪ್ರವಾಸಿಗರು ಬೆರಗಾದ ಹಂಪಿಯ ಬಜಾರುಗಳಲ್ಲಿ ಕಲ್ಲುಕಂಬಗಳಷ್ಟೇ ಉಳಿದಿವೆ. ಆದರೆ ಆ ಅರಸರು ತುಂಗಭದ್ರೆಯಿಂದ ತೆಗೆಸಿದ ರಾಯ, ಬಸವಣ್ಣ, ತುರ್ತು ಕಾಲುವೆಗಳಲ್ಲಿ ಇಂದಿಗೂ ನೀರು ಹರಿಯುತ್ತಿದೆ. ಹೊಸಪೇಟೆಯ ಬಾಳೆ ಮತ್ತು ಕಬ್ಬು, ಕಂಪ್ಲಿಯ ಭತ್ತ ಇವು ನದಿಯ ಕಾಲುವೆಗಳನ್ನು ನಂಬಿ ಬೆಳೆದ ಬೆಳೆಗಳು. ಚಿನ್ನ ಹೋಯಿತು, ಕಾಲುವೆ ಉಳಿಯಿತು.

ಗಣಿಯ ದುಡ್ಡನ್ನು ಬೇಡವೆನ್ನುವುದು ನಮ್ಮ ಮಾತಲ್ಲ. ಅದು ನಮ್ಮ ಹಿರಿಯರ ಬೆವರಿನ ದುಡ್ಡು. ಆದರೆ ಗಣಿ ನಡೆಯುತ್ತಿರುವಾಗಲೇ ಅದರ ಸಂಪಾದನೆಯಿಂದ ಕಾಲುವೆಗಳನ್ನು ತೋಡಿಡಬೇಕು. ಮಗುವಿನ ಓದು, ಕೈಗೊಂದು ಬೇರೆ ಕಸುಬು, ಮಾರದೆ ಉಳಿಸಿಕೊಂಡ ತುಂಡು ಹೊಲ, ಕಷ್ಟಕ್ಕೆ ಓಡಿ ಬರುವ ನೆರೆ, ಎದೆನೋವಿನ ಮುದುಕನನ್ನು ಆಸ್ಪತ್ರೆಗೆ ಕರೆದೊಯ್ಯುವ ಯುವಕರು ಇವೇ ಆ ಕಾಲುವೆಗಳು. 1949ರಲ್ಲಿ ಬಳ್ಳಾರಿ ಧರ್ಮಕ್ಷೇತ್ರ ಸ್ಥಾಪನೆಯಾಗುವ ಮೊದಲೂ, ಆದ ಮೇಲೂ, ನಮ್ಮ ದೇವಾಲಯದ ಅಂಗಳದಲ್ಲಿ ಹಿರಿಯರು ಕಟ್ಟಿದ್ದು ಗೋಡೆಗಳನ್ನು ಮಾತ್ರವಲ್ಲ, ಇಂತಹ ಬಾಂಧವ್ಯವನ್ನು. ಇನ್ನು ನೂರು ವರ್ಷಗಳ ನಂತರ ಈ ಬೆಟ್ಟಗಳಲ್ಲಿ ಅದಿರು ಇರುವುದೋ ಇಲ್ಲವೋ, ಆ ದಿನವೂ ಈ ಅಂಗಳದಲ್ಲಿ ಮಕ್ಕಳ ದನಿ ಕೇಳಿಸುವಂತೆ ಬಾಳುವುದು ನಮ್ಮ ಹೊಣೆ.