ಚಿಕ್ಕ ಮಕ್ಕಳಲ್ಲಿ ದೇಹ ಸಮತೋಲನದ ವಿಶ್ವಾಸಾರ್ಹ ಮಾಪನ

ಮೂರರಿಂದ ಆರು ವರ್ಷದ ಮಕ್ಕಳ ಬೆಳವಣಿಗೆಯನ್ನು ಗಮನಿಸುವುದು ಅಂಗನವಾಡಿ ಕೇಂದ್ರಗಳ ಪ್ರಮುಖ ಕಾರ್ಯಗಳಲ್ಲಿ ಒಂದಾಗಿರುತ್ತದೆ. ತೂಕಕ್ಕೆ ಯಂತ್ರವೂ ಎತ್ತರಕ್ಕೆ ಅಳತೆಪಟ್ಟಿಯೂ ಇರುತ್ತವೆ. ಆದರೆ ದೇಹದ ಸಮತೋಲನವನ್ನು ಅಳೆಯಲು ಸಾಮಾನ್ಯವಾಗಿ ಒಂದು ಗಡಿಯಾರ ಮತ್ತು ನೋಡುವವರ ಕಣ್ಣು ಮಾತ್ರ ಲಭ್ಯವಿರುವುದರಿಂದ ತಪ್ಪು ನುಸುಳುವ ಸಂಭವ ಹೆಚ್ಚು. ತಪ್ಪು ಅಳತೆಯಿಂದ ಚಿಕಿತ್ಸೆಯ ಅಗತ್ಯವುಳ್ಳ ಮಗು ಗಮನಕ್ಕೆ ಬಾರದೆ ಉಳಿಯಬಹುದು, ಅಥವಾ ಆರೋಗ್ಯವಂತ ಮಗುವಿನ ತಂದೆತಾಯಿಗಳು ವೃಥಾ ಆತಂಕಕ್ಕೆ ಒಳಗಾಗಬಹುದು. ಹಾವೇರಿ, ರಾಣೆಬೆನ್ನೂರು ಮತ್ತು ಬ್ಯಾಡಗಿ ತಾಲ್ಲೂಕುಗಳ ಪೋಷಕರು ಹಾಗೂ ಕಾರ್ಯಕರ್ತೆಯರ ಉಪಯೋಗಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಸಮತೋಲನ ಮತ್ತು ವಯಸ್ಸು

ಕಣ್ಣು, ಒಳಕಿವಿ ಹಾಗೂ ಪಾದ, ಕೀಲು, ಸ್ನಾಯುಗಳಿಂದ ಬರುವ ಅರಿವನ್ನು ಮಿದುಳು ಒಂದುಗೂಡಿಸಿ ದೇಹವನ್ನು ಬೀಳದಂತೆ ನಿಲ್ಲಿಸುತ್ತದೆ. ಚಿಕ್ಕ ಮಕ್ಕಳು ಇವುಗಳಲ್ಲಿ ದೃಷ್ಟಿಯನ್ನೇ ಹೆಚ್ಚು ಅವಲಂಬಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯು ಭಾರತವೂ ಸೇರಿದಂತೆ ಐದು ದೇಶಗಳ ಮಕ್ಕಳನ್ನು ಅಧ್ಯಯನ ಮಾಡಿ 2006ರಲ್ಲಿ ಪ್ರಕಟಿಸಿದ ಮಾನದಂಡದ ಪ್ರಕಾರ ಆಸರೆಯಿಲ್ಲದೆ ನಿಲ್ಲುವುದು 6.9ರಿಂದ 16.9 ತಿಂಗಳೊಳಗೆ, ತಾನೇ ನಡೆಯುವುದು 8.2ರಿಂದ 17.6 ತಿಂಗಳೊಳಗೆ ಕಂಡುಬರುತ್ತದೆ. ಆರೋಗ್ಯವಂತ ಮಕ್ಕಳ ನಡುವೆಯೇ ಇಷ್ಟು ಅಂತರವಿರುತ್ತದೆ ಎಂಬುದನ್ನು ಗಮನಿಸತಕ್ಕದ್ದು.

ಒಂಟಿಕಾಲಿನಲ್ಲಿ ನಿಲ್ಲುವ ಅವಧಿಯು ಮೂರು ವರ್ಷದ ಮಗುವಿನಲ್ಲಿ ಸಾಮಾನ್ಯವಾಗಿ ಒಂದೆರಡು ಸೆಕೆಂಡು, ನಾಲ್ಕು ವರ್ಷದಲ್ಲಿ ಸುಮಾರು 5 ಸೆಕೆಂಡು, ಐದು ವರ್ಷ ತುಂಬಿದ ನಂತರ ಸುಮಾರು 10 ಸೆಕೆಂಡು ಇರುತ್ತದೆ. ಇವು ಸ್ಥೂಲ ಅಂದಾಜುಗಳೇ ಹೊರತು ಉತ್ತೀರ್ಣ, ಅನುತ್ತೀರ್ಣದ ಗೆರೆಗಳಲ್ಲ. ಒಟ್ಟು 56 ಅಂಕಗಳ, 14 ಚಟುವಟಿಕೆಗಳುಳ್ಳ ಮಕ್ಕಳ ಸಮತೋಲನ ಮಾಪಕವೊಂದು ಚಿಕಿತ್ಸಾ ಕೇಂದ್ರಗಳಲ್ಲಿ ಬಳಕೆಯಲ್ಲಿದೆ. ಅದು ಶಾಲಾ ವಯಸ್ಸಿನ ಮಕ್ಕಳಿಗಾಗಿ ರೂಪಿತವಾದುದು.

ಅಳೆಯುವ ಕ್ರಮ

ಒಂದೇ ಮಗುವನ್ನು ಇಂದು ಅಳೆದರೂ ವಾರದ ನಂತರ ಅಳೆದರೂ, ಕಾರ್ಯಕರ್ತೆ ಅಳೆದರೂ ಮೇಲ್ವಿಚಾರಕಿ ಅಳೆದರೂ ಹೆಚ್ಚುಕಡಿಮೆ ಅದೇ ಫಲ ಬಂದಲ್ಲಿ ಮಾತ್ರ ಅಳತೆ ವಿಶ್ವಾಸಾರ್ಹವೆನಿಸುತ್ತದೆ. ಇದಕ್ಕೆ ಪರಿಸ್ಥಿತಿಗಳು ಒಂದೇ ರೀತಿ ಇರಬೇಕು. ಮಗು ಬರಿಗಾಲಿನಲ್ಲಿರಬೇಕು. ಒಮ್ಮೆ ಸಿಮೆಂಟಿನ ನೆಲ, ಇನ್ನೊಮ್ಮೆ ಜಮಖಾನೆ, ಮತ್ತೊಮ್ಮೆ ಮಳೆಯಲ್ಲಿ ನೆನೆದ ಅಂಗಳ ಎಂದಾದರೆ ಆ ಮೂರು ಅಂಕಿಗಳನ್ನು ಹೋಲಿಸಲಾಗದು. ಮಗುವಿನ ಕಣ್ಣಿನ ಮಟ್ಟದಲ್ಲಿ, ಸುಮಾರು ಎರಡು ಮೀಟರ್ ದೂರದ ಗೋಡೆಯ ಮೇಲೆ ಒಂದು ಚಿತ್ರವನ್ನು ಅಂಟಿಸಿ ಅದನ್ನೇ ನೋಡುವಂತೆ ಹೇಳಬೇಕು. ಕೈಗಳು ಎಲ್ಲಿರಬೇಕು ಎಂಬುದನ್ನು ಮೊದಲೇ ನಿಶ್ಚಯಿಸಿ ಎಲ್ಲ ಮಕ್ಕಳಿಗೂ ಅದನ್ನೇ ಅನ್ವಯಿಸಬೇಕು.

ಕಾಲು ನೆಲದಿಂದ ಮೇಲೆದ್ದ ಕ್ಷಣದಿಂದ ಎಣಿಕೆ ಆರಂಭವಾಗಬೇಕು. ಎತ್ತಿದ ಕಾಲು ನೆಲ ಮುಟ್ಟಿದಾಗ, ನಿಂತ ಪಾದ ಜರುಗಿದಾಗ ಅಥವಾ ಮಗು ಆಸರೆ ಹಿಡಿದಾಗ ಎಣಿಕೆ ನಿಲ್ಲಬೇಕು. ಹೆಚ್ಚಿನ ವ್ಯತ್ಯಾಸಗಳು ಹುಟ್ಟುವುದು ಇಲ್ಲಿಯೇ. ಪಾದ ಸ್ವಲ್ಪ ತಿರುಗಿದರೆ ಒಬ್ಬರು ನಿಲ್ಲಿಸುತ್ತಾರೆ, ಇನ್ನೊಬ್ಬರು ಮುಂದುವರಿಸುತ್ತಾರೆ. ಬಾಯಿಯಲ್ಲಿ ಎಣಿಸದೆ ಸೆಕೆಂಡು ತೋರಿಸುವ ಗಡಿಯಾರ ಅಥವಾ ಮೊಬೈಲ್ ಫೋನಿನ ಸ್ಟಾಪ್‌ವಾಚ್ ಬಳಸುವುದು ಸೂಕ್ತ. ಒಮ್ಮೆ ಮಾಡಿ ತೋರಿಸಿ, ಒಮ್ಮೆ ಅಭ್ಯಾಸ ಮಾಡಿಸಿ, ನಂತರ ಪ್ರತಿ ಕಾಲಿಗೂ ಮೂರು ಅವಕಾಶಗಳನ್ನು ನೀಡಿ, ಮೂರನ್ನೂ ಪ್ರತ್ಯೇಕವಾಗಿ ಬರೆದಿಡಬೇಕು.

ಮೂರು ವರ್ಷದ ಮಗು ಕಾಲು ಕೆಳಗಿಡುವುದು ನಿಲ್ಲಲಾರದೆಯೋ ಬೇಸರದಿಂದಲೋ ಎಂದು ಹೇಳುವುದು ಕಷ್ಟ. ಹಸಿದ, ನಿದ್ದೆಗಣ್ಣಿನ ಅಥವಾ ನೆಗಡಿಯಾದ ಮಗುವನ್ನು ಆ ದಿನ ಅಳೆಯಬಾರದು. “ಅಕ್ಕೋರೇ, ನಾನೂ ನಿಲ್ತೀನಿ” ಎಂದು ಉಳಿದವರು ಸುತ್ತುವರಿದಾಗಲೂ ಅಳತೆ ಸರಿ ಬರುವುದಿಲ್ಲ. ಬ್ಯಾಡಗಿ ಭಾಗದಲ್ಲಿ ಮೆಣಸಿನಕಾಯಿ ಕೊಯ್ಲಿನ ಕಾಲದಲ್ಲಿ ತಾಯಂದಿರೊಡನೆ ಹೊಲಕ್ಕೆ ಹೋಗುವ ಮಕ್ಕಳ ಮರು ಅಳತೆ ತಪ್ಪಿಹೋಗದಂತೆ ದಿನವನ್ನು ಗೊತ್ತುಮಾಡಿಕೊಳ್ಳಬೇಕು. ಕುಂಟೆಬಿಲ್ಲೆ ಆಡುವ ಮಗುವಿಗೆ ಒಂಟಿಕಾಲು ಹೊಸತಲ್ಲ, ಆಡದ ಮಗುವಿಗೆ ಅದೇ ಹೊಸ ಪಾಠ. ಅಭ್ಯಾಸದ ಈ ವ್ಯತ್ಯಾಸವನ್ನು ನ್ಯೂನತೆಯೆಂದು ಭಾವಿಸಬಾರದು.

ಅಳತೆಗಳ ಹೊಂದಾಣಿಕೆ

ಮೂವರು ಮಕ್ಕಳಿಗೆ ಕಾರ್ಯಕರ್ತೆ 4, 6, 8 ಸೆಕೆಂಡು ಎಂದೂ, ಮೇಲ್ವಿಚಾರಕಿ 6, 8, 10 ಎಂದೂ ಬರೆದರೆಂದು ಭಾವಿಸೋಣ. ಮಕ್ಕಳ ಕ್ರಮಾಂಕ ಎರಡರಲ್ಲೂ ಒಂದೇ, ಲೆಕ್ಕಶಾಸ್ತ್ರದ ಸಹಸಂಬಂಧವೂ ಪರಿಪೂರ್ಣ. ಆದರೂ ಪ್ರತಿ ಮಗುವಿಗೂ 2 ಸೆಕೆಂಡು ವ್ಯತ್ಯಾಸವಿದೆ. 5 ಸೆಕೆಂಡನ್ನು ಗಡಿಯಾಗಿಟ್ಟುಕೊಂಡರೆ ಮೊದಲ ಮಗು ಒಬ್ಬರ ಪಟ್ಟಿಯಲ್ಲಿ ಹಿಂದುಳಿದಿರುತ್ತದೆ, ಇನ್ನೊಬ್ಬರ ಪಟ್ಟಿಯಲ್ಲಿ ಇರುವುದಿಲ್ಲ. ಆದ್ದರಿಂದ ಸಹಸಂಬಂಧವನ್ನು ಮಾತ್ರ ನೋಡದೆ ಅಂಕಿಗಳ ನೇರ ಹೊಂದಾಣಿಕೆಯನ್ನೂ ಪರಿಶೀಲಿಸಬೇಕು. ಎಣಿಕೆಯನ್ನು 10 ಸೆಕೆಂಡಿಗೆ ನಿಲ್ಲಿಸಿದಲ್ಲಿ ಐದೂವರೆ ವರ್ಷದ ಬಹಳಷ್ಟು ಮಕ್ಕಳಿಗೆ 10 ಎಂದೇ ಬರುವುದರಿಂದ ಆ ಹೊಂದಾಣಿಕೆ ತೋರಿಕೆಯದಾಗಿರಬಹುದು.

ಒಂದೇ ವಾರದಲ್ಲಿ ಮಗುವೊಂದಕ್ಕೆ ಒಮ್ಮೆ 4, ಒಮ್ಮೆ 7 ಸೆಕೆಂಡು ಬಂದಿದ್ದರೆ, ಮೂರು ತಿಂಗಳ ನಂತರ 5ರಿಂದ 7ಕ್ಕೆ ಏರಿದ್ದನ್ನು ಪ್ರಗತಿಯೆಂದು ಹೇಳಲಾಗದು. ಇಳಿಕೆಗೂ ಇದೇ ಮಾತು ಅನ್ವಯಿಸುತ್ತದೆ. ಕಡಿಮೆ ಫಲ ಬಂದ ಮಗುವನ್ನು ಒಂದೆರಡು ವಾರಗಳಲ್ಲಿ ಅದೇ ಸ್ಥಳದಲ್ಲಿ, ಅದೇ ಹೊತ್ತಿನಲ್ಲಿ ಪುನಃ ಅಳೆದ ನಂತರವೇ ಪೋಷಕರೊಡನೆ ಚರ್ಚಿಸುವುದು ಯೋಗ್ಯ.

ಮರು ಅಳತೆಗೆ ಕಾಯಬಾರದ ಸಂದರ್ಭಗಳು

ಮೊದಲು ಚೆನ್ನಾಗಿ ನಡೆಯುತ್ತಿದ್ದ ಮಗು ಈಗ ತೂರಾಡುತ್ತಿದ್ದಲ್ಲಿ, ಸದಾ ಒಂದೇ ಪಾರ್ಶ್ವಕ್ಕೆ ಬೀಳುತ್ತಿದ್ದಲ್ಲಿ ಅಥವಾ ಕಲಿತ ಚಲನೆಯನ್ನು ಮರೆತಲ್ಲಿ ಸೆಕೆಂಡುಗಳ ಲೆಕ್ಕ ಹಾಕದೆ ಕೂಡಲೇ ವೈದ್ಯರಿಗೆ ತೋರಿಸಬೇಕು. 18 ತಿಂಗಳಾದರೂ ನಡೆಯದ ಮಗುವನ್ನೂ ತಪಾಸಣೆಗೆ ಒಳಪಡಿಸಬೇಕು. ನೆಲದಿಂದ ಏಳುವಾಗ ತನ್ನ ತೊಡೆಗಳ ಮೇಲೆ ಕೈಯೂರಿ ಹಂತಹಂತವಾಗಿ ಮೇಲೇಳುವ ಮಗುವಿನಲ್ಲಿ, ವಿಶೇಷವಾಗಿ ಗಂಡುಮಕ್ಕಳಲ್ಲಿ, ಸ್ನಾಯುಗಳ ಕಾಯಿಲೆಯ ಶಂಕೆಯಿರುತ್ತದೆ. ಸಮತೋಲನದ ತೊಂದರೆಯೊಡನೆ ಕರೆದರೆ ತಿರುಗದಿರುವುದು ಅಥವಾ ಮಾತು ತಡವಾಗಿರುವುದು ಕಂಡುಬಂದಲ್ಲಿ ಕಿವಿಯ ಪರೀಕ್ಷೆ ಅವಶ್ಯಕ. ಶ್ರವಣದೋಷವಿರುವ ಮಕ್ಕಳಲ್ಲಿ ಒಳಕಿವಿಯ ಸಮತೋಲನ ಭಾಗವೂ ದುರ್ಬಲವಾಗಿರಬಹುದು.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಸಂಚಾರಿ ವೈದ್ಯಕೀಯ ತಂಡಗಳು ಅಂಗನವಾಡಿ ಮಕ್ಕಳನ್ನು ವರ್ಷಕ್ಕೆ ಎರಡು ಬಾರಿ ತಪಾಸಣೆ ಮಾಡುವ ವ್ಯವಸ್ಥೆಯಿದೆ. ಬೆಳವಣಿಗೆಯ ವಿಳಂಬವೂ ಈ ತಪಾಸಣೆಯ ವ್ಯಾಪ್ತಿಯಲ್ಲಿರುತ್ತದೆ. ತಂಡ ಬಂದ ದಿನ ಮಗುವಿನ ಅಳತೆಗಳನ್ನು ದಿನಾಂಕ, ನೆಲದ ವಿವರ ಮತ್ತು ಅಳೆದವರ ಹೆಸರಿನೊಡನೆ, ತಾಯಿ ಕಾರ್ಡಿನ ಜೊತೆಗೆ ವೈದ್ಯರಿಗೆ ಒದಗಿಸಬೇಕು.